ಕಂದು ಪರದೆ

ಫ್ರೇಮಿನವಳು ಚಿತ್ರದ ಹಿಂದಿನ ಸಣ್ಣ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳುತ್ತಿದ್ದಳು. ಅವಳ ಮುಂದೆ, ಸ್ಟುಡಿಯೋದ ಉದ್ದನೆಯ ಮೇಜಿನ ಮೇಲೆ, ಬಣ್ಣದಕ್ಕ ಮಲಗಿದ್ದಳು. ನಲವತ್ತು ವರ್ಷ ಊರವರ ಹಳೇ ಫೋಟೋಗಳನ್ನು ಸರಿಪಡಿಸಿ, ಸತ್ತವರ ಕೆನ್ನೆಗೂ ರಂಗು ತುಂಬಿದವಳು ಈಗ ಹೆಣವಾಗಿ ತಾನೂ ಬಿಳಿಚಿಕೊಂಡಿದ್ದಳು.

"ಗಾಜು ಒರೆಸೋಕೆ ಇಷ್ಟೊತ್ತಾ?" ಎಂದರು ಮೇಜಿನ ಆಚೆ ನಿಂತಿದ್ದ ಅವಳ ಅಣ್ಣ, ರಿಟೈರಾದ ಹೆಡ್‌ಮಾಸ್ತರು. ತಂಗಿಯ ತಲೆಯ ಬಳಿ ಇಡಲೆಂದು ತಮ್ಮ ಮನೆಯ ಗೋಡೆಯಿಂದ ಈ ಚಿತ್ರವನ್ನು ತಾವೇ ಹೊತ್ತು ತಂದಿದ್ದರು.

"ಒಳಗೆ ಧೂಳು ಕೂತಿದೆ ಮೇಷ್ಟ್ರೇ. ಇಷ್ಟು ಜನ ನೋಡ್ತಾರೆ, ಚೆನ್ನಾಗಿ ಕಾಣ್ಬೇಡ್ವಾ?"

"ನೋಡ್ಲಿ ನೋಡ್ಲಿ. ನಮ್ಮಪ್ಪ, ಅವರ ತೊಡೆ ಮೇಲೆ ಇವಳು, ಪಕ್ಕದಲ್ಲಿ ನಾನು. ಅಷ್ಟೇ ನಮ್ಮ ಸಂಸಾರ."

"ಪರದೆ ಹಿಡ್ಕೊಂಡು ನಿಂತಿದಾರೆ ನೋಡಿ ಸರದಾರ್ರು," ಎಂದರು ಅವರ ಹೆಂಡತಿ. ಆ ಮನೆಯ ಮೂವತ್ತು ವರ್ಷದ ಜೋಕು ಅದು. ಚಿತ್ರದಲ್ಲಿ ಎಂಟು ವರ್ಷದ ಹುಡುಗ ಕಂದು ಪರದೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು.

*

ಮೂಲ ಫೋಟೋದಲ್ಲಿ ಪರದೆ ಇರಲೇ ಇಲ್ಲ. ಅಲ್ಲಿದ್ದವಳು ಬಣ್ಣದಕ್ಕನ ಅಮ್ಮ; ಅಪ್ಪ ಬಡವರ ಮನೆಯಿಂದ ತಂದ ಎರಡನೇ ಹೆಂಡತಿ, ಮೇಷ್ಟ್ರಿಗೆ ಚಿಕ್ಕಮ್ಮ. ತಾಯಿಯಿಲ್ಲದ ಹುಡುಗನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು. ಅಪ್ಪ ಸತ್ತ ಮೇಲೆ ಮೂವರೂ ಈ ಊರಿಗೆ ಬಂದಾಗ, ದೊಡ್ಡ ಮನೆತನದ ಹುಡುಗಿ ಸಿಗುತ್ತಾಳೆಂದು, ಈ ಮಹಾನುಭಾವರು ಅವಳನ್ನು ಮನೆಗೆಲಸದವಳು ಎಂದುಬಿಟ್ಟರು. ಫೋಟೋ ತಂದು ತಂಗಿಯ ಮುಂದಿಟ್ಟರು.

"ಇವಳನ್ನ ಅಳಿಸಿಹಾಕು. ಆಗಲ್ಲ ಅಂದ್ರೆ ಇಬ್ರೂ ಗಂಟುಮೂಟೆ ಕಟ್ಟಿ."

ಅಂದಿನಿಂದ ಜನರೆದುರು ಬಣ್ಣದಕ್ಕ ಅಮ್ಮನನ್ನು ಅಮ್ಮ ಅನ್ನುವಂತಿರಲಿಲ್ಲ. ಚಿತ್ರ ಮುಗಿದ ದಿನ ಅಮ್ಮನೇ ಕೇಳಿ ಇಸಿದುಕೊಂಡು ನೋಡಿದಳು. "ಪರದೆ ಚೆನ್ನಾಗಿ ಬಂದಿದೆ ಕಣೇ," ಎಂದು ಅಡುಗೆಮನೆಗೆ ಹೋದಳು. ಎರಡು ವರ್ಷಕ್ಕೆ ಅಲ್ಲೇ ಸತ್ತಳು.

ಇದನ್ನು ಫ್ರೇಮಿನವಳಿಗೆ ಹೇಳುವಾಗ ಬಣ್ಣದಕ್ಕ ಅಳುತ್ತಿರಲಿಲ್ಲ, ಹಲ್ಲು ಕಡಿಯುತ್ತಿದ್ದಳು.

"ಉಳಿದದ್ದಕ್ಕೆಲ್ಲ ಎಣ್ಣೆ ಬಣ್ಣ. ಪರದೆಗೆ ಮಾತ್ರ ನೀರು ಬಣ್ಣ ಬಳಿದಿದೀನಿ. ಒದ್ದೆ ಹತ್ತಿ ಸಾಕು. ನಾನು ಸತ್ತ ದಿನ ಮಾಡು."

"ಈಗ್ಲೇ ಮಾಡಬಹುದಲ್ಲಕ್ಕಾ?"

"ಬೇಡ. ಇನ್ನಷ್ಟು ಜನಕ್ಕೆ ತೋರಿಸಿ ಮೆರೀಲಿ. ಅವತ್ತು ಹೆಂಡತಿ ಕಡೆಯವರೆಲ್ಲ ಸೇರಿರ್ತಾರೆ. ಹೆಣದ ಜೊತೆ ಜಗಳ ಆಡೋಕೆ ಅವನಿಗೆ ಆಗಲ್ಲ."

*

ಗಾಜು ಹೊರಬಂತು. ಫ್ರೇಮಿನವಳು ಹತ್ತಿಯನ್ನು ನೀರಲ್ಲದ್ದಿ ಹಿಂಡಿದಳು.

"ಏಯ್, ನೀರು ಯಾಕೆ? ಬಣ್ಣ ಹೋಗುತ್ತೆ."

"ಹೋಗೋದು ಹೋಗ್ಲಿ ಬಿಡಿ ಮೇಷ್ಟ್ರೇ."

ಮೊದಲು ಹಣೆ ಕಂಡಿತು, ಆಮೇಲೆ ಕಣ್ಣು. ಮೇಷ್ಟ್ರು ಚಿತ್ರ ಕಿತ್ತುಕೊಳ್ಳಲು ಕೈ ಚಾಚಿದರು; ನಡುವೆ ತಂಗಿ ಮಲಗಿದ್ದಳು, ಕೈ ಎಟುಕಲಿಲ್ಲ.

"ಆ ಕೆಲಸದವಳಲ್ವೇನ್ರೀ ಇದು?" ಹೆಂಡತಿ ಹತ್ತಿರ ಬಂದರು. "ನಿಮ್ಮಪ್ಪನ ಸರಿಸಮ ಕುರ್ಚೀಲಿ ಕೂತಿದಾಳೆ?"

"ಕೆಲಸದವಳಲ್ಲಮ್ಮ," ಎಂದಳು ಫ್ರೇಮಿನವಳು. "ಬಣ್ಣದಕ್ಕನ ಹೆತ್ತಮ್ಮ. ನಿಮ್ಮ ಯಜಮಾನ್ರನ್ನ ಸಾಕಿದೋಳು."

ಹೆಂಡತಿಯ ಅಣ್ಣಂದಿರು ಕುತ್ತಿಗೆ ಚಾಚಿದರು. ಹತ್ತಿ ಕೊನೆಗೆ ಹುಡುಗನ ಮುಷ್ಟಿಯ ಬಳಿ ಬಂತು; ಕಂದು ನೀರು ಅಂಚಿನಿಂದ ಮೇಜಿನ ಮೇಲೆ ತೊಟ್ಟಿಕ್ಕಿತು. ಪರದೆ ಪೂರ್ತಿ ಹೋಗಿತ್ತು. ಚಿಕ್ಕಮ್ಮನ ಶಾಲಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕ್ಯಾಮೆರಾಕ್ಕೆ ಹೆದರಿ, ಎಂಟು ವರ್ಷದ ಹುಡುಗ ಅವಳಿಗೆ ಒತ್ತಿಕೊಂಡು ನಿಂತಿದ್ದ.