ದಡ ಬಿಡದ ಮರಿಗಳು

ಮೂರನೇ ಸಲ ಬಲೆ ಎಳೆದಾಗಲೂ ನೂರಕ್ಕೂ ಹೆಚ್ಚು ಮರಿಗಳು ಬಂದಾಗ ಲತಾಶ್ರೀಗೆ ಬಕೆಟ್ಟನ್ನು ಒದ್ದುಬಿಡೋಣವೆನ್ನಿಸಿತು. ಮೀನು ಹೆಚ್ಚು ಸಿಕ್ಕಿತೆಂದು ಸಿಟ್ಟಾಗುವವರು ಅಮೆರಿಕದ ಈ ನೇಪರ್‌ವಿಲ್ ಊರಿಗೆಲ್ಲ ಅವಳೊಬ್ಬಳೇ ಇದ್ದಿರಬೇಕು. ಅವಳ ಕೆಲಸವೇ ಅಂಥದ್ದು. ಚಬ್ ಎಂಬ ಈ ಹೊಳೆಮೀನಿನ ಮರಿಗಳು ಬೆರಳ ಗೆಣ್ಣಿನಷ್ಟಿರುವಾಗ ದಡದ ತೆಳುನೀರಿನಲ್ಲಿ, ಜೊಂಡಿನ ಮರೆಯಲ್ಲಿ ಇರುತ್ತವೆ. ಬೆಳೆಯುತ್ತ ಬೆಳೆಯುತ್ತ ದಡ ಬಿಟ್ಟು ನಡುಹೊಳೆಯ ಮಡುವಿಗೆ ಇಳಿಯುತ್ತವೆ. ಯಾವ ವಾರ ಎಷ್ಟು ಇಳಿದವೆಂದು ಎಣಿಸುವುದಕ್ಕೇ ಅವಳಿಗೆ ಸಂಬಳ. ಈಗ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು, ಮರಿಗಳು ಮೂರಿಂಚು ಆಗಿದ್ದವು. ಆದರೂ ಮಡುವಿನ ಬಲೆ ಖಾಲಿ, ದಡದ ಬಲೆ ಭರ್ತಿ.

ಶುಕ್ರವಾರ ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಮುಂದಿನ ವರ್ಷಕ್ಕೆ ಕೆಲಸ, ಕೆಲಸವಿದ್ದರೆ ವೀಸಾ. ಎಣಿಕೆಗೆಂದು ಇದ್ದ ಎರಡು ಜಾಗಗಳಲ್ಲಿ ಒಂದನ್ನು ಮೇ ತಿಂಗಳ ನೆರೆ ಕೊಚ್ಚಿಕೊಂಡು ಹೋಗಿತ್ತು. ಉಳಿದದ್ದು ಅವಳ ಮನೆಯಿದ್ದ ಬಡಾವಣೆಯ ಹಿಂದೆ ಹೊಳೆಯ ಈ ತಿರುವು ಮಾತ್ರ. ಜುಲೈವರೆಗೆ ಮರಿಗಳು ಪಾಠ ಒಪ್ಪಿಸುವಂತೆ ಇಳಿಯುತ್ತಿದ್ದವು. ಆಮೇಲೆ ಅವಕ್ಕೇನು ಬಂತೋ. ನೀರಿನ ಬಿಸಿ ಅಳೆದಳು, ಸೆಳೆತ ಅಳೆದಳು, ಎಲ್ಲ ಸರಿಯಾಗಿಯೇ ಇತ್ತು. ಎರಡು ತಿಂಗಳಿಂದ ಅವಳ ತಲೆ ಕೆಟ್ಟುಹೋಗಿತ್ತು.

ಬಲೆಗೆ ಸಿಕ್ಕು ಒಂದು ಮರಿ ಸತ್ತಿತ್ತು. ಸಲಕರಣೆ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟು ಹೊಟ್ಟೆ ಸೀಳಿದಳು. ಒಳಗೆ ಹುಳುವಿಲ್ಲ, ಹುಪ್ಪಟೆಯಿಲ್ಲ, ಬೆಳ್ಳಗೆ ನೆನೆದ ಏನೋ ಮುದ್ದೆ. ಮೊದಲು ಥರ್ಮೋಕೋಲ್ ಅಂದುಕೊಂಡಳು. ಬೆರಳಲ್ಲಿ ಹೊಸಕಿದಾಗ ಅರ್ಧ ಕರಗಿದ ಒಂದು ಕಾಳು ಬಿಡಿಯಾಗಿ ಕಾಣಿಸಿತು. ಅದು ಪುರಿ. ಚುರುಮುರಿಗೆ ಹಾಕುವ ಪುರಿ.

ಮನೆಯಲ್ಲಿ ತಾಯಿ ಸುವರ್ಣಮ್ಮ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಜೂನ್‌ನಲ್ಲಿ ಬಂದವರು, ಆರು ತಿಂಗಳು ಇರುವವರು. ರಾಮನಾಥಪುರದವರು, ಕಾವೇರಿಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಪುರಿ ಹಾಕುತ್ತಲೇ ಬೆಳೆದವರು. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಈ ಊರಿನಲ್ಲಿ ಅವರು ಕಾಲ್ನಡಿಗೆಯಲ್ಲಿ ಹೋಗಬಹುದಾಗಿದ್ದ ಒಂದೇ ಜಾಗವೆಂದರೆ ಹೊಳೆ. ವಾರಕ್ಕೆರಡು ಪ್ಯಾಕೆಟ್ ಪುರಿಯನ್ನು ಇಂಡಿಯನ್ ಸ್ಟೋರಿನಿಂದ ಲತಾಶ್ರೀಯೇ ತಂದುಕೊಟ್ಟಿದ್ದಳು. ಅಮ್ಮ ಮಧ್ಯಾಹ್ನ ಚುರುಮುರಿ ಮಾಡಿಕೊಳ್ಳುತ್ತಾಳೆಂದುಕೊಂಡಿದ್ದಳು, ಪೆದ್ದಿ.

"ಅಮ್ಮಾ, ಹೊಳೇಲಿ ಮೀನಿಗೆ ಪುರಿ ಹಾಕ್ತಿದೀಯಾ?"

"ಹೂಂ, ದಿನಾ. ನೀನು ಆಫೀಸಿಗೆ ಹೋದ್ಮೇಲೆ." ಸುವರ್ಣಮ್ಮನ ದನಿಯಲ್ಲಿ ಅಳುಕಿರಲಿಲ್ಲ. "ದಡದಲ್ಲಿ ಮೀನು ವಾರವಾರಕ್ಕೂ ಕಮ್ಮಿ ಆಗ್ತಿದೆ ಅಂತ ಜುಲೈಲಿ ಫೋನಲ್ಲಿ ಯಾರಿಗೋ ಹೇಳ್ತಿದ್ಯಲ್ಲ. ನಿನ್ನ ಕೆಲ್ಸಕ್ಕೆಲ್ಲಿ ಕುತ್ತು ಬರತ್ತೋ ಅಂತ ಭಯ ಆಯ್ತು. ಈಗ ನೋಡು, ಒಂದೂ ಹೋಗಿಲ್ಲ."

ಲತಾಶ್ರೀಗೆ ಮೈಯೆಲ್ಲ ಉರಿಯಿತು. ಎರಡು ತಿಂಗಳ ಎಣಿಕೆ ನೀರುಪಾಲು. ಮರಿಗಳು ಹೋಗಬೇಕಿತ್ತೆಂದು, ಹೋದರೆ ಮಾತ್ರ ತನ್ನ ಕೆಲಸ ಸರಿಯೆಂದು, ದಡದ ನೀರು ಹೆಪ್ಪುಗಟ್ಟುವ ಹೊತ್ತಿಗೂ ಅಲ್ಲೇ ನಿಂತರೆ ಒಂದೂ ಬದುಕುವುದಿಲ್ಲವೆಂದು ಒಂದೇ ಉಸಿರಿನಲ್ಲಿ ಕೂಗಾಡಿದಳು. ಸುವರ್ಣಮ್ಮ ಸೊಪ್ಪನ್ನು ಕೆಳಗಿಟ್ಟರು.

"ಏನು ಕೆಲ್ಸ ಮಾಡ್ತೀಯೇ ಅಂತ ಬಂದ ದಿನಾನೇ ಕೇಳಿದ್ದೆ," ಎಂದರು. "ನಿಂಗರ್ಥ ಆಗಲ್ಲ ಬಿಡಮ್ಮ ಅಂದೆ ನೀನು."

ಅಂದದ್ದು ನಿಜವೇ. ತನ್ನ ಮೇಲಿನ ಆ ಸಿಟ್ಟೂ ಸೇರಿ ಎರಡು ಪಟ್ಟಾದ ಸಿಟ್ಟಿನಲ್ಲೇ ಲತಾಶ್ರೀ ವರದಿ ಬರೆಯಲು ಕೂತಳು. ಈ ವರ್ಷ ಮರಿಗಳು ತಡವಾಗಿ ಇಳಿಯುತ್ತಿವೆ ಎಂದು ಬರೆದರೆ ಯಾರೂ ಕೇಳುವವರಿಲ್ಲ. ಶಹಬ್ಬಾಸ್ ಎಂದರೂ ಎಂದಾರು. ಹಾಗೆಯೇ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ, ಮೀನುಗಳಿಗೆ ನನ್ನ ತಾಯಿ ತಿನಿಸು ಹಾಕಿದ್ದಾರೆ, ಆಗಸ್ಟ್‌ನಿಂದೀಚಿನ ಲೆಕ್ಕ ಬಳಸಬಾರದು ಎಂದು ಮೇಲಧಿಕಾರಿಗೆ ಮೇಲ್ ಕಳಿಸಿ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದಳು. ಮೇಲಧಿಕಾರಿ ಅದನ್ನು ಓದಿದ್ದಾರೆಂದು ಸ್ವಲ್ಪ ಹೊತ್ತಿಗೇ ಫೋನು ತೋರಿಸಿತು. ಉತ್ತರ ಬರಲಿಲ್ಲ.

ಮಾರನೆಯ ಬೆಳಿಗ್ಗೆ, ಬಾ ಎಂದಷ್ಟೇ ಹೇಳಿ ಅಮ್ಮನನ್ನು ಹೊಳೆಗೆ ಕರೆದುಕೊಂಡು ಹೋದಳು. ಸುವರ್ಣಮ್ಮ ದಡದ ಕಲ್ಲಿನ ಮೇಲೆ ನಿಂತದ್ದೇ ತಡ, ಜೊಂಡಿನ ಬುಡವೆಲ್ಲ ಕದಲಿತು. ಮರಿಗಳು ನೂರಾರು, ಒಂದರ ಮೇಲೊಂದು ಬಿದ್ದು, ಅವರ ನೆರಳಿನೊಳಕ್ಕೆ ನುಗ್ಗಿದವು. ಲತಾಶ್ರೀ ಎಣಿಕೆಯ ಪುಸ್ತಕ ತೆಗೆದವಳು ಎಣಿಸದೆ ನಿಂತಳು.

ಸುವರ್ಣಮ್ಮ ಎರಡೂ ಅಂಗೈ ಬಿಡಿಸಿ ನೀರಿಗೆ ತೋರಿಸಿದರು.

"ಇಲ್ಲ, ಹೋಗಿ," ಎಂದರು ಮೆಲ್ಲಗೆ.

ಅವು ಹೋಗಲಿಲ್ಲ. ಅವರು ಒಂದು ಹೆಜ್ಜೆ ಹಿಂದಿಟ್ಟರು, ಮತ್ತೊಂದು ಇಟ್ಟರು. ನೆರಳು ನೀರಿನಿಂದ ಸರಿದು, ಕಲ್ಲು ದಾಟಿ, ಹುಲ್ಲಿನ ಮೇಲೆ ಬಂತು. ಬರಿಯ ಬಿಸಿಲು ಬಿದ್ದ ತೆಳುನೀರಿನಲ್ಲಿ ಮರಿಗಳು ದಡಕ್ಕೆ ಮೂತಿಯಿಟ್ಟು ಬಾಯಿ ತೆರೆಯುತ್ತ, ಮುಚ್ಚುತ್ತ ಅಲ್ಲೇ ನಿಂತಿದ್ದವು.