ಕೆನ್ನೆ ತಾಗುವ ಕಡೆ

ಅಪ್ಪ ಎಡಚ. ಆ ಎಡಗೈಯ ಹೆಬ್ಬೆರಳೇ ಮರ ಕೀಸುವ ಮಷಿನ್ನಿಗೆ ಸಿಕ್ಕಿ ತುಂಡಾಗಿ ಎರಡು ವರ್ಷವಾಯಿತು. ಅಂದಿನಿಂದ ಉಳಿ ನನ್ನ ಕೈಗೆ ಬಂತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಂಗಡಿಯಲ್ಲಿ ಕೂತವಳು, ನೋಡಿ ನೋಡಿಯೇ ಕಲಿತಿದ್ದೆ.

ಕೊಡಗಿನ ಗಡಿಗೆ ತಾಗಿದ ಕೊಪ್ಪದ ನಮ್ಮ ಅಂಗಡಿಗೆ ಹೊಳೆಯಾಚೆಯ ಕೊಡಗಿನವರು ಕೋವಿಯ ಮರದ ಹಿಡಿ ತರುತ್ತಾರೆ. ಸವೆದ ಹೂಬಳ್ಳಿಯನ್ನು ಮತ್ತೆ ಕೆತ್ತಿ, ಅಗಸೆ ಎಣ್ಣೆ ತಿಕ್ಕಿ ಕೊಡಬೇಕು. ನಾನು ಗೋಣಿಯ ಪರದೆ ಹಿಂದೆ ಕೆತ್ತುತ್ತಿದ್ದೆ. ಬಂದವರು "ಲಿಂಗಯ್ಯ, ಕೈ ಅಂದ್ರೆ ನಿಂದು" ಎನ್ನುತ್ತಿದ್ದರು. ಅಪ್ಪ ಎಡಗೈಯನ್ನು ಟವೆಲಿನಡಿ ಮರೆಸಿಕೊಂಡು ನಗುತ್ತಿದ್ದ. ಒಬ್ಬರ ಮುಂದೆಯಾದರೂ, ಇದು ನನ್ನ ಮಗಳು ಶೃತಿಯ ಕೆಲಸ ಎನ್ನಲಿ ಎಂದು ಪರದೆಯ ಹಿಂದೆ ಕಾಯುತ್ತಿದ್ದೆ.

ಈ ಸಲ ತಿಮ್ಮಯ್ಯನವರು ತಂದದ್ದು ಹೊಸ ಬೀಟೆ ಹಿಡಿ. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗೆ ಸಿಕ್ಕಿಸಿ ಪೂಜಿಸುವ ತೋಕ್‌ಪೂ ಎಂಬ ಹೂವನ್ನೇ ಅದರ ಮೇಲೆ ಕೆತ್ತಬೇಕು, ಒಂದು ಕಡೆ ಸಾಕು ಎಂದಿದ್ದರು. ತಿದ್ದಲು ಹಳೆಯ ಗೆರೆಗಳಿರಲಿಲ್ಲ. ಅಪ್ಪ ಹಿಡಿಯನ್ನು ತನ್ನ ಎಡಭುಜಕ್ಕೆ ಒತ್ತಿಕೊಂಡು, ಕೆನ್ನೆ ಇಟ್ಟು ನೋಡಿ, ಕೆನ್ನೆ ತಾಗದ ಕಡೆಗೆ ಪೆನ್ಸಿಲ್ ಗುರುತು ಹಾಕಿದ.

"ಅಪ್ಪ, ಅವ್ರು ಬಲಗೈಯೋರು. ಬಲಭುಜಕ್ಕಿಟ್ರೆ ಊವು ಕೆನ್ನೆಗೇ ಒತ್ತುತ್ತೆ."

"ಓಹೋ, ನೀನ್ ಯಾವ ಕಾಡಲ್ಲಿ ಅಂದಿ ಒಡ್ದಿದ್ದೆ? ಗುರ್ತು ಆಕಿರೋ ಕಡೆ ಸುಮ್ಕೆ ಕೆತ್ತು."

ಕೆತ್ತಿದೆ. ಒಂಬತ್ತು ದಿನ. ಆ ಹೂವಿನ ಎಸಳು ಬೆಂಕಿಯ ನಾಲಿಗೆಯ ಹಾಗೆ ನುಲಿದುಕೊಂಡು ಮೇಲೇಳುತ್ತದೆ. ತಪ್ಪು ಕಡೆ ಎಂದು ಗೊತ್ತಿದ್ದೂ ಒಂದೊಂದು ಎಸಳನ್ನೂ ಚೆನ್ನಾಗಿಯೇ ಎಬ್ಬಿಸಿದೆ. ಕೆಟ್ಟದಾಗಿ ಕೆತ್ತಲು ನನಗೆ ಬರುವುದಿಲ್ಲ.

ತಿಮ್ಮಯ್ಯನವರು ಬಂದು, ಹಿಡಿಯನ್ನು ಬೆಳಕಿಗೆ ಹಿಡಿದು "ಅಬ್ಬಾ!" ಎಂದರು. ಬಲಭುಜಕ್ಕೇರಿಸಿ ಕೆನ್ನೆ ಒರಗಿಸಿದವರು ತಟ್ಟನೆ ಇಳಿಸಿದರು. ಕೆನ್ನೆಯ ಮೇಲೆ ಎಸಳಿನ ಅಚ್ಚು ಮೂಡಿತ್ತು.

"ಇದೆಂಥ ಲಿಂಗಯ್ಯ? ಒಂದು ಗುಂಡು ಹೊಡೆದ್ರೆ ನನ್ನ ಮುಖವೇ ಕಿತ್ತು ಬರ್ತದೆ!"

ಅಪ್ಪ ಪರದೆ ಸರಿಸಿದ.

"ನಾನಲ್ಲ ಕಣ್ರೀ ಸ್ವಾಮಿ. ಇವ್ಳು ನನ್ ಮಗ್ಳು, ಇವ್ಳು ಕೆತ್ತಿದ್ದು. ಎಣ್ಣೈಕ್ಳಿಗೆ ಕೋವಿ ಇಚಾರ ಏನ್ ಗೊತ್ತಾಯ್ತದೆ? ಇದನ್ನ ಉಜ್ಜಾಕಿ ಆ ಕಡೆ ನಾನೇ ಕೆತ್ಕೊಡ್ತೀನಿ."

ತಿಮ್ಮಯ್ಯನವರು ಹೂವನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಇನ್ನಾದ್ರೂ ನೀನೇ ಮಾಡು ಮಾರಾಯ" ಎಂದು ಅವರು ಹೊರಟರು.

ಅಪ್ಪ ಉಪ್ಪುಕಾಗದ ಕೊಟ್ಟ. ಸಂಜೆಯವರೆಗೆ ಉಜ್ಜಿದೆ. ಎಸಳೆಲ್ಲ ಪುಡಿಯಾಗಿ ಮಡಿಲಿಗೆ ಉದುರಿತು. ಮರ ನುಣ್ಣಗಾದ ಮೇಲೆ ಅಪ್ಪ ಪಕ್ಕಕ್ಕೆ ಬಂದು ದನಿ ತಗ್ಗಿಸಿದ.

"ಆ ಕಡೆಗೂ ಅಂಗೇ ಕೆತ್ತವ್ವ."

ನಾನು ಸಣ್ಣ ಉಳಿಯನ್ನು ಅವನ ಎಡಗೈಯಲ್ಲಿ ಇಟ್ಟೆ.

"ನಾನೇ ಕೆತ್ಕೊಡ್ತೀನಿ ಅಂದ್ಯಲ್ಲ."

ಉಳಿದ ನಾಲ್ಕು ಬೆರಳು ಮಡಚಿದ. ಉಳಿ ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಇಬ್ಬರೂ ಎತ್ತಿಕೊಳ್ಳಲಿಲ್ಲ.