ಅಮ್ಮ ಗುನುಗದ ಸೋಲೋ

ಅಕ್ಕ ಕೊನೆಗೂ ಮನಸ್ಸು ಮಾಡಿ ತಮ್ಮನಿಗೊಂದು ಸೋಲೋ ಕೊಟ್ಟಳು. ಬ್ಯಾಂಡ್ ಕಟ್ಟಿದಂದಿನಿಂದ ಹಾಡುವವಳು ಅವಳು, ಡ್ರಮ್ಸ್ ಬಾರಿಸುವವರು ಭಾವ, ಬೇಸ್ ಗಿಟಾರ್ ಹಿಡಿಯುವವನು ಗಡ್ಡ ಎಂದೇ ಎಲ್ಲರೂ ಕರೆಯುವ ಗೆಳೆಯ. ತಮ್ಮನ ಪಾಲಿಗೆ ಬಂದದ್ದು ಹಿಂದೆ ನಿಂತು ತಾಳಕ್ಕೆ ತಕ್ಕಂತೆ ಜರ್ ಜರ್ ಎಂದು ಗಿಟಾರಿನ ತಂತಿ ಎಳೆಯುವ ಕೆಲಸ. ಔತಣದಲ್ಲಿ ನೀರು ಕೊಡುವವನ ಹಾಗೆ. ಇದ್ದರೆ ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಮಾತ್ರ ಎಲ್ಲರೂ ಬೈಯುತ್ತಾರೆ. ಈಗ ಹೊಸ ಹಾಡಿನಲ್ಲಿ, ಎರಡನೇ ಚರಣ ಮುಗಿದ ಮೇಲೆ ಸಿಗುವ ಜಾಗವಷ್ಟೂ ಅವನೊಬ್ಬನದೇ. ಕೀಲಿಕೈ ಮಾಡುವ ಅಂಗಡಿ ಇಟ್ಟುಕೊಂಡಿದ್ದರಿಂದ ಬ್ಯಾಂಡಿನವರು ಅವನನ್ನು ಕೀಲಿ ಎನ್ನುತ್ತಿದ್ದರು. ಆ ಸಂಜೆ ಕೀಲಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆದರೆ ಆ ಮನೆಯಲ್ಲಿ ಒಂದು ಕಾಯಿದೆ ಇತ್ತು. ಅಭ್ಯಾಸ ನಡೆಯುತ್ತಿದ್ದದ್ದು ಕೀಲಿಯ ಮನೆಯ ಮುಂದಿನ ಕೋಣೆಯಲ್ಲಿ. ಗೋಡೆಯಾಚೆ ಅಡುಗೆಮನೆ, ಅಲ್ಲಿ ಅಮ್ಮ. ಹೊಸ ರಾಗ ಬಾರಿಸಿದ ಮಾರನೆಯ ಬೆಳಿಗ್ಗೆ ಅಮ್ಮ ಪಾತ್ರೆ ತೊಳೆಯುತ್ತ ಅದನ್ನು ಗುನುಗಿದರೆ ಪಾಸು, ಗುನುಗದಿದ್ದರೆ ಕಸದ ಬುಟ್ಟಿ. ಅಪೀಲು ಗಿಪೀಲು ಇಲ್ಲ. ಈ ಸಂಗತಿ ಅಮ್ಮನಿಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಾದರೆ ಮುಗಿಯಿತು, ಸಿಕ್ಕಿದ್ದನ್ನೆಲ್ಲ ಗುನುಗಿಬಿಡುತ್ತಾಳೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅಮ್ಮ ಗುನುಗಿದ ಹಾಡುಗಳನ್ನು ಜನ ಕೇಳಿ ಕೇಳಿ ಹಾಡಿಸಿದ್ದರು. ಗುನುಗದಿದ್ದ ಒಂದನ್ನು ಗಡ್ಡನ ಹಟಕ್ಕೆ ವೇದಿಕೆಯ ಮೇಲೆ ಹಾಡಿದಾಗ ಮುಂದಿನ ಸಾಲಿನವರು ಎದ್ದು ಕಾಫಿಗೆ ಹೋಗಿದ್ದರು. ಆಮೇಲೆ ಗಡ್ಡನೂ ಕಾಯಿದೆಗೆ ತಲೆಬಾಗಿದ.

ಮೊದಲ ಸೋಲೋದಲ್ಲಿ ಕೀಲಿ ತಾನು ಇಷ್ಟು ವರ್ಷ ಕಲಿತದ್ದನ್ನೆಲ್ಲ ತುರುಕಿದ. ಬೆರಳುಗಳು ಗಿಟಾರಿನ ಕತ್ತಿನ ಮೇಲೆ ಓಡಿದ್ದೇ ಓಡಿದ್ದು. ಮುಗಿದಾಗ ಭಾವ ಕೋಲು ಕೆಳಗಿಟ್ಟು, "ಏನಪ್ಪಾ, ಟ್ರೇನಿಗೆ ಹೊತ್ತಾಯ್ತಾ?" ಎಂದರು. ಅಮ್ಮ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, "ಚೆನ್ನಾಗಿತ್ತು ಕಣೋ, ನಿನ್ನ ಬೆರಳು ಎಷ್ಟು ಚೆಂದ ಓಡತ್ತೆ" ಎಂದಳು. ಮಾರನೆಯ ಬೆಳಿಗ್ಗೆ ಕೀಲಿ ಹಲ್ಲುಜ್ಜುವ ನೆಪದಲ್ಲಿ ಅಡುಗೆಮನೆಯ ಹೊರಗೆ ನಿಂತ. ಅಮ್ಮ ಅಕ್ಕನ ಎರಡೂ ಚರಣಗಳನ್ನು ಒಂದು ಸ್ವರ ತಪ್ಪದೆ ಗುನುಗಿದಳು, ಆಮೇಲೆ ಸುಮ್ಮನಾದಳು, ಎರಡು ತಟ್ಟೆ ತೊಳೆದಳು, ಮೂರನೇ ಚರಣ ಎತ್ತಿಕೊಂಡಳು. ನಡುವೆ ಕೀಲಿಯ ಸೋಲೋ ಇರಬೇಕಾದಲ್ಲಿ ಬರೀ ನಲ್ಲಿಯ ನೀರಿನ ಸದ್ದು.

"ನಾನು ಹಾಡೋವಾಗ ನಡುವೆ ಉಸಿರು ತಗೋತೀನಲ್ಲ," ಎಂದಳು ಅಕ್ಕ. "ನಿನ್ನ ಗಿಟಾರಿಗೆ ಮೂಗಿಲ್ವಾ?"

ಮಾತು ಚುಚ್ಚಿತು, ಆದರೆ ಸರಿಯಾದ ಜಾಗಕ್ಕೇ ಚುಚ್ಚಿತು. ಕೀಲಿ ಗಿಟಾರ್ ಬದಿಗಿಟ್ಟು, ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಸೋಲೋವನ್ನು ಬಾಯಲ್ಲೇ ಹಾಡಿ ನೋಡಿದ. ಬಾಯಿಗೆ ನಿಲುಕದ ಸ್ವರಗಳನ್ನೆಲ್ಲ ಕಿತ್ತು ಹಾಕಿದ. ಉಳಿದದ್ದು ಬೆರಳೆಣಿಕೆಯಷ್ಟು. ಅಕ್ಕನ ಚರಣದ ಕೊನೆಯ ಸಾಲನ್ನೇ ಹಿಡಿದು ಶುರು ಮಾಡಿದ, ಅದಕ್ಕೊಂದು ಉತ್ತರ ಕೊಟ್ಟ, ನಿಂತ, ಇನ್ನೊಂದು ಮೆಟ್ಟಿಲು ಹತ್ತಿದ, ಮತ್ತೆ ನಿಂತ. ಹೀಗೆ ಹತ್ತುತ್ತ ಹತ್ತುತ್ತ ತೀರ ಸಣ್ಣ ತಂತಿಯ ತುದಿಗೆ ಹೋಗಿ, ಅಲ್ಲಿ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಜಗ್ಗಿ ಅದು ಅಳುವಂತೆ ಮಾಡಿದ. ಬಾರಿಸುವಾಗ ಅವನಿಗೇ ಮೈ ಜುಮ್ಮೆಂದಿತು. ಅಕ್ಕ ಕಣ್ಣೊರೆಸಿಕೊಂಡಳು. ಭಾವ ತಮಾಷೆ ಮಾಡುವುದನ್ನು ಮರೆತರು.

ಅಮ್ಮ ಈ ಸಲವೂ ಚೆನ್ನಾಗಿತ್ತು ಎಂದಳು. ಬೆಳಿಗ್ಗೆ ಮತ್ತೆ ಅದೇ ನಲ್ಲಿಯ ಸದ್ದು.

"ಅತ್ತೆ ಗುನುಗಲಿಲ್ಲ ಅಂದ್ರೆ ಗುನುಗಲಿಲ್ಲ, ಕಾಯಿದೆ ಕಾಯಿದೆನೇ," ಎಂದರು ಭಾವ. "ಸೋಲೋ ಅಂತ ಹೆಸರು ಕೇಳಿದಾಗಲೇ ನಂಗೆ ಅನುಮಾನ ಇತ್ತು."

ಅಕ್ಕನಿಗೂ ಸಂಕಟ, ಆದರೆ ಭಾನುವಾರ ರೆಕಾರ್ಡಿಂಗ್. "ಶನಿವಾರ ಬೆಳಿಗ್ಗೆಯೊಳಗೆ ಅಮ್ಮ ಗುನುಗದಿದ್ರೆ ಆ ಜಾಗದಲ್ಲಿ ನಾನೇ ಲಾಲಾಲಾ ಅಂದ್ಬಿಡ್ತೀನಿ ಕಣೋ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಇರಲು ಅವನೇನು ಕಲ್ಲೇ? ಆ ಸೋಲೋ ಅವನಿಗೆ ಪ್ರಾಣವಾಗಿಬಿಟ್ಟಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮ ಕೀಲಿಯೂ ಅಡುಗೆಮನೆಯಲ್ಲಿ ನೀರು ಕುಡಿಯುತ್ತ, ಅಮ್ಮನ ಬೆನ್ನಿಗೆ ಕೇಳಿಸುವಂತೆಯೇ ಗೊಣಗಿದ: "ನಿನ್ನ ಮುಂದೆ ಬಾರಿಸೋದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ."

ಅಮ್ಮ ತಿರುಗಿ ನಕ್ಕಳು. "ಚೆನ್ನಾಗಿತ್ತು ಅಂದೆನಲ್ಲಪ್ಪಾ," ಎಂದಳು. ಎಷ್ಟು ಒಳ್ಳೆಯವಳು, ಬೈದರೂ ನಗುತ್ತಾಳೆ ಎಂದುಕೊಂಡು ಅವನು ಇನ್ನಷ್ಟು ಸಿಟ್ಟಾದ.

ಮರುದಿನ ಮಧ್ಯಾಹ್ನ ಅಮ್ಮ ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಬಂದಳು. ಅಂಗಡಿ ಎಂದರೆ ಒಂದು ಗೂಡು: ಗೋಡೆ ತುಂಬ ಕೆತ್ತದ ಕೀಲಿಗಳು, ಒಂದು ಸ್ಟೂಲು, ಕೀಲಿ ಕೊರೆಯುವ ಯಂತ್ರ. ಆ ಯಂತ್ರದ ಕೂಗು ಇಡೀ ಬೀದಿಗೆ ಗೊತ್ತು. ಲೋಹಕ್ಕೆ ಲೋಹ ತಾಗಿದೊಡನೆ ಕೀ ಎಂದು ಕಿರುಚಿ, ಹಲ್ಲಿನ ಬೇರಿಗೆ ಹೋಗಿ ನಾಟುತ್ತದೆ. ಬೀರುವಿನ ಕೀಲಿ ಮಾಡಿಸಲು ಬಂದಿದ್ದ ಹೆಂಗಸು ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಪಕ್ಕದ ಗಡಿಯಾರ ರಿಪೇರಿಯವರು ಎಂದಿನಂತೆ ಶಾಪ ಹಾಕಿದರು. ಅಮ್ಮ ಯಂತ್ರದ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತು ಹಾಯಾಗಿ ಪೇಪರ್ ಓದುತ್ತಿದ್ದಳು.

ಕೀಲಿ ಯಂತ್ರ ನಿಲ್ಲಿಸಿದ. ಮತ್ತೆ ಹಚ್ಚಿದ. ಹೆಂಗಸಿನ ಮುಖ ಹುಳಿ ಹುಳಿಯಾಯಿತು. ಅಮ್ಮ ಪುಟ ತಿರುಗಿಸಿದಳು.

ಗಿರಾಕಿ ಹೋದ ಮೇಲೆ ಅವನು ಅವಳೆದುರಿಗೆ ಕುಕ್ಕರುಗಾಲಲ್ಲಿ ಕೂತ. "ಅಮ್ಮಾ, ಈ ಮಿಷನ್ ಸದ್ದು ಹೇಗಿರತ್ತೆ?"

"ಗುರ್ ಅಂತಿರತ್ತೆ. ಯಾಕೋ?"

ಆ ಯಂತ್ರ ಗುರ್ ಎನ್ನುತ್ತದೆ ಎಂದವರು ಲೋಕದಲ್ಲಿ ಅವಳೊಬ್ಬಳೇ. ಕರೆಗಂಟೆ ಒತ್ತಿ ಒತ್ತಿ ತಾನು ಬಾಗಿಲಲ್ಲಿ ನಿಂತದ್ದು, ಕುಕ್ಕರ್ ಕೂಗಿ ಕೂಗಿ ತಳ ಹಿಡಿದದ್ದು, ಅಮ್ಮನಿಗೆ ಮರೆವು ಶುರುವಾಯಿತು ಎಂದು ತಾನೂ ಅಕ್ಕನೂ ನಕ್ಕದ್ದು, ಎಲ್ಲ ಅವನಿಗೆ ಒಟ್ಟಿಗೆ ನೆನಪಾಯಿತು.

"ಯಾವಾಗಿಂದ?" ಎಂದ.

ಅಮ್ಮ ಪೇಪರ್ ಮಡಚಿದಳು. ಸುಳ್ಳು ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ಬಿಟ್ಟುಬಿಟ್ಟಳು. "ಸುಮಾರು ದಿನ ಆಯ್ತು. ದಪ್ಪ ಸದ್ದೆಲ್ಲ ಕೇಳತ್ತೆ. ಸಣ್ಣದು ಬರಲ್ಲ."

"ಹೇಳೋದಲ್ವಾ?"

"ಹೇಳಿದ್ರೆ ನೀನು ನನ್ನ ಮುಂದೆ ಬಾರಿಸೋದು ಬಿಟ್ಬಿಡ್ತಿದ್ದೆ." ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. "ಕೆಳಗೆ ಬಾರಿಸೋವಾಗ ಕೇಳ್ತೀನಿ. ಕೈ ಮೇಲೆ ಹೋದ್ರೆ ಬಾಗಿಲ ಸಂದಿಯಿಂದ ನಿನ್ನ ಮುಖ ನೋಡ್ತೀನಿ. ಮುಖ ಚೆನ್ನಾಗಿದ್ರೆ ಚೆನ್ನಾಗಿತ್ತು ಅಂತೀನಿ. ಉಣ್ಣು, ಆರತ್ತೆ."

ಕೀಲಿ ತುತ್ತು ಕಲಸಿದ. ಕೋಣ ಎಂದಿದ್ದ ಬಾಯನ್ನು ಆ ಯಂತ್ರಕ್ಕೇ ಕೊಡಬೇಕೆನಿಸಿತು.

ಸಂಜೆ ವಿಷಯ ತಿಳಿದ ಅಕ್ಕ ಮೊದಲು ಅತ್ತಳು, ಆಮೇಲೆ ಸೋಮವಾರಕ್ಕೆ ಕಿವಿ ಡಾಕ್ಟರ ಹತ್ತಿರ ಹೋಗುವುದೆಂದು ಗೊತ್ತುಮಾಡಿದಳು. ಕೀಲಿ ಸೋಲೋವನ್ನು ಮೇಲಿನಿಂದ ಇಳಿಸಿಕೊಂಡು ಬಂದು ದಪ್ಪ ತಂತಿಗಳ ಮೇಲೆ ಕೂರಿಸತೊಡಗಿದ. ಅದೇನು ಪೆಟ್ಟಿಗೆಯೇ, ಎತ್ತಿ ಇನ್ನೊಂದು ಕಡೆ ಇಡಲು? ಮೇಲೆ ಅತ್ತದ್ದು ಕೆಳಗೆ ಗೊರಕೆ ಹೊಡೆಯಿತು. ಜಗ್ಗಿ ಏರಿಸುತ್ತಿದ್ದಲ್ಲಿ ಈಗ ಒಂದೊಂದೇ ಸ್ವರವಾಗಿ ನಡೆದುಕೊಂಡು ಹೋಗಬೇಕಾಯಿತು. ಮೇಲಾಗಿ ಗಡ್ಡನ ಬೇಸ್ ಗಿಟಾರಿಗೂ ಅದಕ್ಕೂ ಕಾಲು ಕಾಲು ತಾಗಿ ಎಲ್ಲ ಕಲಸುಮೇಲೋಗರ. ಗಡ್ಡ ಸ್ವಲ್ಪ ಹೊತ್ತು ಕೇಳಿ, ತನ್ನ ತಂತಿಗಳ ಮೇಲೆ ಅಂಗೈ ಇಟ್ಟ. "ಅಷ್ಟು ಹೊತ್ತು ನಾನು ಸುಮ್ನಿರ್ತೀನಿ ಬಿಡು," ಎಂದ. ಅವನು ಹಾಗೆ ಸುಮ್ಮನಾದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಒಂದೇ ಒಂದು ಸ್ವರ ಮಾತ್ರ ಕೆಳಗಿಳಿಯಲು ಒಪ್ಪಲಿಲ್ಲ. ಎಲ್ಲಕ್ಕಿಂತ ಕೊನೆಯದು, ಎಲ್ಲಕ್ಕಿಂತ ಮೇಲಿನದು. ಕೆಳಗೆ ತಂದರೆ ಸತ್ತೇ ಹೋಗುತ್ತಿತ್ತು. ಅದನ್ನು ಅವನು ಸಣ್ಣ ತಂತಿಯ ತುದಿಯಲ್ಲೇ ಬಿಟ್ಟು, ಶುಕ್ರವಾರ ಸಂಜೆ ಪೂರ್ತಿ ಹಾಡು ಬಾರಿಸಿದ.

ಶನಿವಾರ ಬೆಳಿಗ್ಗೆ ಅಕ್ಕ, ಭಾವ, ಗಡ್ಡ ಮೂವರೂ ಹಾಜರು. ನಾಲ್ವರೂ ಅಡುಗೆಮನೆಯ ಗೋಡೆಗೆ ಅಂಟಿಕೊಂಡು ನಿಂತರು. ಅಮ್ಮ ನಲ್ಲಿ ತಿರುಗಿಸಿದಳು. ಮೊದಲ ಚರಣ ಆಯಿತು, ಎರಡನೆಯದೂ ಆಯಿತು. ಆಮೇಲೆ, ಒಂದು ಲೋಟ ಬೋರಲು ಹಾಕಿ, ಅಮ್ಮ ಸೋಲೋ ಗುನುಗತೊಡಗಿದಳು. ಶುರು, ಉತ್ತರ, ನಿಲುಗಡೆ, ಒಂದೂ ತಪ್ಪಲಿಲ್ಲ. ಭಾವ ಕೀಲಿಯ ಹೆಗಲು ಹಿಂಡಿದರು. ರಾಗ ಮೆಟ್ಟಿಲು ಹತ್ತಿ ಹತ್ತಿ ಕೊನೆಯ ಸ್ವರದ ಹೊಸಿಲಿಗೆ ಬಂದು ನಿಂತಿತು. ಅಮ್ಮನ ಬಾಯಿ ನಿಂತಿತು, ನೀರಿನೊಳಗಿನ ಕೈಯೂ ನಿಂತಿತು. ಆ ಸ್ವರ ಎಷ್ಟು ಉದ್ದವೋ ಅಷ್ಟು ಹೊತ್ತು ಅಳತೆ ತಪ್ಪದೆ ಕಾದು, ಅವಳು ಮೂರನೇ ಚರಣಕ್ಕೆ ಹೋದಳು. ಅವಳ ಲೆಕ್ಕದಲ್ಲಿ ಅಲ್ಲಿ ಇದ್ದದ್ದೇ ಮೌನ.

"ಪಾಸು," ಎಂದು ಅಕ್ಕ ಪಿಸುಗುಟ್ಟಿದಳು.

ಭಾನುವಾರ ರೆಕಾರ್ಡಿಂಗಿನಲ್ಲಿ ಅವನ ಬೆರಳುಗಳು ಎಲ್ಲೂ ಎಡವಲಿಲ್ಲ. ಕೊನೆಯ ಸ್ವರದ ಜಾಗ ಬಂದಾಗ ಅವನು ತಂತಿಯಿಂದ ಕೈ ಎತ್ತಿ ಅಷ್ಟು ಹೊತ್ತು ಸುಮ್ಮನೆ ನಿಂತ. ಅಕ್ಕ ಒಂದು ಕ್ಷಣ ಅವನತ್ತ ನೋಡಿ, ಸರಿಯಾದ ಹೊತ್ತಿಗೆ ಮೂರನೇ ಚರಣ ಎತ್ತಿಕೊಂಡಳು.

ಹಾಡು ಮುಗಿದ ಮೇಲೆ ಗಾಜಿನಾಚೆಯಿಂದ ರೆಕಾರ್ಡಿಂಗ್‌ನವರ ದನಿ ಬಂತು. "ಎಲ್ಲ ಸೂಪರ್. ಸೋಲೋ ಕೊನೇಲಿ ಒಂದು ಸ್ವರ ಬಿಟ್ಟುಹೋಯ್ತು, ಅದೊಂದನ್ನ ಮತ್ತೆ ತಗೊಳ್ಳೋಣ್ವಾ?"

"ಬೇಡ ಸಾರ್," ಎಂದ ಕೀಲಿ. "ಅಮ್ಮನಿಗೆ ಕೇಳಿಸಿದ್ದು ಅಷ್ಟೇ."